ನಲವತ್ತು ನಂಬರಿನ ಜೀನ್ಸ್

“ಇದು ವಾಣೀದಲ್ರೀ.”

ಮೀರಾಬಿ ಟೇಪನ್ನು ಜೀನ್ಸಿನ ಸೊಂಟದಿಂದ ಇನ್ನೂ ತೆಗೆದಿರಲಿಲ್ಲ. ಕನ್ನಡಕದ ಮೇಲಿಂದ ನೋಡುತ್ತ, ಅಂಗಿಯ ಗುಂಡಿ ಹೋಗಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು.

ಸಬ್ ಇನ್ಸ್‌ಪೆಕ್ಟರ್ ದಾಕ್ಷಾಯಿಣಿ ಸ್ಟೂಲಿನಿಂದ ಮುಂದಕ್ಕೆ ಬಗ್ಗಿದಳು. ಸಪ್ತಾಪುರದ ಆ ಟೇಲರ್ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಇಬ್ಬರ ಮೊಣಕಾಲೂ ಹೊಲಿಗೆ ಯಂತ್ರಕ್ಕೆ ತಾಗುತ್ತಿದ್ದವು.

“ಇನ್ನೊಮ್ಮೆ ಅಳದು ನೋಡ್ರಿ. ಕೆರಿ ನೀರಾಗ ನಾಕು ದಿನ ಬಿದ್ದಿದ್ದ ಅರಿವಿ ಇದು. ಹಿಗ್ಗಿರಬಹುದು.”

“ನೀರಾಗ ಬಿದ್ದ ಜೀನ್ಸ್ ಕುಗ್ಗತೈತ್ರಿ, ಹಿಗ್ಗೂದಿಲ್ಲ. ಮೂವತ್ತು ವರ್ಷ ಆತು ನಾ ಇದನ್ನ ಮಾಡಕೋತ ಬಂದು.” ಮೀರಾಬಿ ಸೊಂಟದ ಪಟ್ಟಿಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಹರವಿ, ಈ ತುದಿಯಿಂದ ಆ ತುದಿಗೆ ಟೇಪು ಎಳೆದಳು. “ಹದಿನೈದೂ ಮುಕ್ಕಾಲು. ಹಿಂದಿಂದು ಮುಂದಿಂದು ಸೇರಿ ಮೂವತ್ತೊಂದೂವರಿ. ವಾಣಿ ಸೊಂಟ ಇಪ್ಪತ್ತೇಳು. ನಾಕೂವರಿ ಇಂಚು ಫರಕು. ಇದನ್ನ ಹಾಕ್ಕೊಂಡು ಆಕಿ ನಿಂತ್ರ ಅಲ್ಲೇ ಜಾರಿ ಬೀಳತೈತಿ.”

ದಾಕ್ಷಾಯಿಣಿ ಟೇಪಿನ ಅಂಕಿಯನ್ನು ತಾನೇ ಬಗ್ಗಿ ಓದಿದಳು.

ಕೆಲಗೇರಿ ಕೆರೆಯಲ್ಲಿ ಗುರುತು ಸಿಗದಷ್ಟು ಉಬ್ಬಿ ತೇಲಿದ ಹೆಣವನ್ನು ‘ಇದು ನನ್ನ ಹೆಂಡತಿ ವಾಣಿಶ್ರೀ’ ಎಂದು ರಾಜೀವ ಹೇಳಿ, ಮಣ್ಣು ಮಾಡಿ ಆರು ದಿನವಾಗಿತ್ತು. ಗುರುತಿಗೆ ಇದ್ದ ಆಧಾರ ಒಂದೇ, ಹೆಣದ ಮೈಮೇಲಿದ್ದ ಈ ಜೀನ್ಸ್. ಒಳಗಿನ ಲೇಬಲ್ಲಿನಲ್ಲಿ ‘ನಲವತ್ತು’ ಎಂಬ ಅಂಕಿ. ವಾಣಿಶ್ರೀಯ ಬಾಡಿಗೆ ಕೋಣೆಯಲ್ಲಿ ಸಿಕ್ಕ ಮೂರು ಜೀನ್ಸಿನಲ್ಲೂ ಅದೇ ಕಂಪನಿಯ ಲೇಬಲ್ಲು, ಅದೇ ನಲವತ್ತು. ಅಂಕಿಗೆ ಅಂಕಿ ಕೂಡಿತು, ಕೇಸು ಮುಗಿಯಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ದಾಕ್ಷಾಯಿಣಿಯೂ ಹೋಗಿರಲಿಲ್ಲ.

ನಿನ್ನೆ ರವಿವಾರ. ಮಾತಾಡಲು ಯಾರೂ ಇಲ್ಲದ ಕ್ವಾರ್ಟರ್ಸಿನಲ್ಲಿ, ಅನ್ನದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಉಣ್ಣುತ್ತ, ಆಕೆ ಕೋಣೆಯ ಫೋಟೋಗಳನ್ನು ಮತ್ತೆ ನೋಡುತ್ತ ಕೂತಿದ್ದಳು. ಆ ಮೂರು ಜೀನ್ಸಿನ ಹಿಂಭಾಗದಲ್ಲೂ ಸೊಂಟದ ಪಟ್ಟಿಯನ್ನು ಒಂದಿಷ್ಟು ಒಳಗೆ ಹಿಡಿದು ಹೊಲಿದ ಗುರುತಿತ್ತು. ಹೆಣದ ಮೈಮೇಲಿದ್ದ ಜೀನ್ಸಿನಲ್ಲಿ ಅದು ಇರಲಿಲ್ಲ. ಅಷ್ಟೇ ಅನುಮಾನ. ಅದನ್ನು ಹಿಡಿದುಕೊಂಡು ಇಂದು ರಜೆ ಹಾಕಿ, ಸೀರೆ ಉಟ್ಟು, ಸಪ್ತಾಪುರದ ನಾಲ್ಕು ಟೇಲರ್ ಅಂಗಡಿ ಅಲೆದು ಐದನೆಯದಕ್ಕೆ ಬಂದಿದ್ದಳು.

“ಆದ್ರ ನಂಬರ ಒಂದ ಐತೆಲ್ರೀ? ಅಲ್ಲೂ ನಲವತ್ತು, ಇಲ್ಲೂ ನಲವತ್ತು.”

ಮೀರಾಬಿ ನಕ್ಕಳು. “ನಾನೂ ಮೊದಲ ಹಿಂಗ ಕೇಳಿದ್ದೆ. ಅಲ್ನೋಡ್ರಿ, ಆಕಿನ ಬರದು ಕೊಟ್ಟಾಳ.”

ದಾರದ ಉಂಡೆಗಳ ಪಕ್ಕ ಗೋಡೆಗೆ ಒಂದು ರಟ್ಟು ತೂಗುಹಾಕಿತ್ತು. ನೀಲಿ ಸ್ಕೆಚ್‌ಪೆನ್ನಿನಲ್ಲಿ ಗೆರೆ ಎಳೆದು ಚೌಕಗಳನ್ನು ಮಾಡಿತ್ತು. ಮೇಲಿನ ಸಾಲಿನಲ್ಲಿ ದೇಶಗಳ ಹೆಸರು, ಕೆಳಗೆ ಅಂಕಿಗಳು. ಕನ್ನಡದ ದುಂಡಗಿನ ಅಕ್ಷರ.

“ನಮ್ಮಲ್ಲಿ ಇಪ್ಪತ್ತೇಳು ಅಂದ್ರ ಇಪ್ಪತ್ತೇಳು ಇಂಚಿನ ಸೊಂಟ. ಹೌದಿಲ್ರಿ? ಅದ ಸೊಂಟಕ್ಕ ಅಮೆರಿಕಾದಾಗ ನಾಕು ಅಂತಾರ. ಇಂಗ್ಲೆಂಡಿನ್ಯಾಗ ಎಂಟು. ಜರ್ಮನಿಯಾಗ ಮೂವತ್ನಾಕು, ಫ್ರಾನ್ಸಿನ್ಯಾಗ ಮೂವತ್ತಾರು, ಇಟಲಿಯಾಗ ನಲವತ್ತು.” ಮೀರಾಬಿ ಮಗ್ಗಿ ಒಪ್ಪಿಸುವಂತೆ ಹೇಳಿದಳು. “ಹೆಂಗಸು ಒಬ್ಬಾಕಿನ, ಸೊಂಟಾನೂ ಒಂದ. ಗಡಿ ದಾಟಿದ್ರ ನಂಬರ ಬ್ಯಾರೆ.”

“ಅಂದ್ರ ವಾಣಿಶ್ರೀದು...”

“ಇಟಲಿ ನಲವತ್ತು. ಇದು ಇಟಲೀದಲ್ಲ.” ಮೀರಾಬಿ ಯಂತ್ರದ ದೀಪ ಹಾಕಿ ಲೇಬಲ್ಲನ್ನು ಅದರ ಕೆಳಗೆ ಹಿಡಿದಳು. ನೀರಿಗೆ ಅಕ್ಷರ ಹೋಗಿದ್ದರೂ ದಾರದ ಗುರುತು ಉಳಿದಿತ್ತು. ನಲವತ್ತರ ಹಿಂದೆ ಇಂಗ್ಲಿಷಿನ ಒಂದು ‘ಡಿ’, ಅದರ ಮುಂದೆ ಅರ್ಧ ಅಳಿಸಿದ ‘ಇ’. “ಇದು ಜರ್ಮನಿ. ಅವರ ಭಾಷಾದಾಗ ಅವರ ದೇಶದ ಹೆಸರು ಡಿ ಇಂದ ಶುರು ಆಗತೈತಂತ. ವಾಣಿ ಹೇಳಿದ್ಲು.”

ಕೋಣೆಯಲ್ಲಿದ್ದ ಲೇಬಲ್ಲುಗಳಲ್ಲಿ ‘ಐ.ಟಿ.’ ಎಂದಿದ್ದದ್ದು ದಾಕ್ಷಾಯಿಣಿಗೆ ನೆನಪಾಯಿತು. ಅದನ್ನು ಕಂಪನಿಯ ಹೆಸರಿನ ತುಂಡು ಎಂದುಕೊಂಡು ಪಂಚನಾಮೆಯಲ್ಲಿ ಬರೆಸಲೂ ಇಲ್ಲ.

“ಜರ್ಮನಿ ನಲವತ್ತು ಅಂದ್ರ ಇಟಲಿಯಾಗ ಎಷ್ಟಾಗತೈತಿ?”

“ನಲವತ್ತಾರು. ಇಂಗ್ಲೆಂಡಿನ್ಯಾಗ ಹದಿನಾಕು. ವಾಣಿಗಿಂತ ಮೂರು ಸೈಜು ದೊಡ್ಡಾಕಿ ಇದನ್ನ ಹಾಕ್ಕೊಂಡಾಕಿ.”

“ಕಂಪನಿಯಿಂದ ಕಂಪನಿಗೆ ಅಳತಿ ಹೆಚ್ಚುಕಡಿಮಿ ಇರ್ತಾವಂತಾರಲ್ಲ?”

“ಇರ್ತಾವ್ರಿ. ಅರ್ಧ ಇಂಚು, ಭಾಳಂದ್ರ ಒಂದು ಇಂಚು. ನಾಕೂವರಿ ಇರೂದಿಲ್ಲ. ಅದೂ ಒಂದ ಕಂಪನಿ ಮಾಲು.”

ವಾಣಿಶ್ರೀಯ ಕೆಲಸವೇ ಅದಾಗಿತ್ತು. ಹೊರದೇಶಗಳಿಗೆ ಬಟ್ಟೆ ಮಾರುವ ಒಂದು ಆನ್‌ಲೈನ್ ಕಂಪನಿಗೆ, ಸಪ್ತಾಪುರದ ಕೋಣೆಯಲ್ಲಿ ಕೂತು, ದಿನಕ್ಕೆ ಎಂಬತ್ತು ತೊಂಬತ್ತು ಹೆಂಗಸರಿಗೆ ಉತ್ತರ ಟೈಪು ಮಾಡುತ್ತಿದ್ದಳು. ‘ನಾನು ಲಂಡನ್ನಿನಲ್ಲಿ ಹನ್ನೆರಡು, ನಿಮ್ಮಲ್ಲಿ ಎಷ್ಟು?’ ‘ಹೆರಿಗೆಯಾದ ಮೇಲೆ ಸೊಂಟ ಬದಲಾಗಿದೆ, ಯಾವುದು ತರಿಸಲಿ?’ ಕಂಪನಿ ಮಾದರಿಗೆಂದು ಆಗಾಗ ಒಂದೊಂದು ಜೀನ್ಸ್ ಕಳಿಸುತ್ತಿತ್ತು. ಜಗತ್ತಿನ ಹೆಂಗಸರ ಸೊಂಟದ ಅಳತೆ ಬಲ್ಲವಳ ಅಳತೆ ಬಲ್ಲವರು ಧಾರವಾಡದಲ್ಲಿ ಯಾರಿದ್ದರು?

“ನಾ ಒಬ್ಬಾಕಿನ,” ಎಂದಳು ಮೀರಾಬಿ, ಕೇಳದಿದ್ದರೂ. “ಸಂಜಿ ಆರಕ್ಕ ಬಂದು ನೀವು ಕುಂತಲ್ಲೆ ಕೂಡತಿದ್ಲು. ‘ಖಾಲಾ, ಮುಂಜಾನಿಂದ ಬಾಯಿ ಬಿಟ್ಟ ಮಾತಾಡಿಲ್ಲ, ಬರೇ ಬೆರಳಿಲೆ ಮಾತಾಡೇನಿ’ ಅಂತಿದ್ಲು. ಒಮ್ಮೊಮ್ಮೆ ಏನೂ ಹೊಲ್ಯಾಕ ಇರ್ತಿದ್ದಿಲ್ಲ. ಸುಮ್ಮನ ಬರ್ತಿದ್ಲು.”

ಅವಳ ಕೈ ಜೀನ್ಸಿನ ಕಾಲಿನ ಕೊನೆಗೆ ಇಳಿದು ಅಲ್ಲಿ ನಿಂತಿತು. ಮಡಿಕೆಯನ್ನು ತಿರುಗಿಸಿ ನೋಡಿದಳು. ಮತ್ತೆ ನೋಡಿದಳು.

“ಯಾ ಅಲ್ಲಾ.”

“ಏನಾತ್ರಿ?”

“ಈ ಹೊಲಿಗಿ ನಂದ. ಕೊನಿಗೆ ಮೂರು ಟಾಕಿ ಹಿಂದಕ್ಕ ಹೊಡದು ದಾರ ಕಡೀತೇನಿ. ಬ್ಯಾರೆ ಯಾರೂ ಹಿಂಗ ಮಾಡೂದಿಲ್ಲ.” ಮೀರಾಬಿಯ ದನಿ ಸಣ್ಣದಾಯಿತು. “ಮೂರು ತಿಂಗಳ ಹಿಂದ ವಾಣಿನ ತಂದಿದ್ಲು ಇದನ್ನ. ‘ನಂದಲ್ಲ ಖಾಲಾ, ಒಬ್ಬಾಕಿಗೆ ಕೊಡೂದೈತಿ’ ಅಂದ್ಲು. ಕಾಲಿನ ಅಳತಿ ದಾರದಾಗ ಗಂಟು ಹಾಕಿ ತಂದಿದ್ಲು. ಇಪ್ಪತ್ತಾರು ಇಂಚು. ಆರು ಇಂಚು ಕತ್ತರಿಸಿ ಮಡಚಿ ಕೊಟ್ಟೆ.”

“ಯಾರಿಗೆ ಅಂತ ಹೇಳಿದ್ಲು?”

“ಕೇಳಿದೆ. ನಕ್ಕಳು. ‘ನನ್ನ ಜೋಡಿ ಊಟಕ್ಕ ಕೂಡಾಕಿಗೆ’ ಅಂದ್ಲು. ಹೆಸರು ಹೇಳಲಿಲ್ಲ.”

ಹೊರಗೆ ಕಾಲೇಜಿನ ಹುಡುಗಿಯರು ಸ್ಕೂಟಿಯಲ್ಲಿ ಕೂಗಾಡುತ್ತ ಹೋದರು. ಮೀರಾಬಿ ಜೀನ್ಸಿನ ಮೇಲೆ ಅಂಗೈ ಇಟ್ಟು ಬಾಯೊಳಗೇ ದುವಾ ಹೇಳಿಕೊಂಡಳು. ಆಮೇಲೆ ತಟ್ಟನೆ ತಲೆ ಎತ್ತಿದಳು. ಕಣ್ಣು ಬೆಳಗಿದ್ದವು.

“ಅಂದ್ರ ನಮ್ಮ ವಾಣಿ ಜೀವಂತ ಅದಾಳೇನ್ರಿ?”

ದಾಕ್ಷಾಯಿಣಿ ಜೀನ್ಸನ್ನು ಮಡಚಿ, ಪೊಟ್ಟಣದಲ್ಲಿಟ್ಟು, ಚೀಲಕ್ಕೆ ಹಾಕಿಕೊಂಡಳು.

“ನಾ ಬಂದಿದ್ದೆ ಅಂತ ಯಾರಿಗೂ ಹೇಳಬ್ಯಾಡ್ರಿ. ಪೊಲೀಸರು ಬಂದು ಕೇಳಿದ್ರೂ.”

“ನೀವ ಪೊಲೀಸರಲ್ರೀ ಮತ್ತ?”

* * *

ವಾಣಿಶ್ರೀ ಬಾಡಿಗೆಗಿದ್ದ ಮನೆ ಅಲ್ಲಿಂದ ಎರಡು ಓಣಿ ಆಚೆ. ಮನೆಯೊಡತಿ ದಾನವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೇಲಿನ ಕೋಣೆಯ ಕಿಟಕಿ ಮುಚ್ಚಿತ್ತು. ಸರಳಿಗೆ ಕಟ್ಟಿದ ದಾರದಲ್ಲಿ ಎರಡು ಬಟ್ಟೆ ಕ್ಲಿಪ್ಪು ಉಳಿದಿದ್ದವು.

“ಅಕ್ಕಾರ, ಹೋದ ವಾರ ನೀವು ವಾಣಿಶ್ರೀ ಹತ್ರ ಯಾರೂ ಬರ್ತಿರಲಿಲ್ಲ ಅಂದಿದ್ರಿ.”

“ಹೌದ್ರಿ. ಯಾರೂ ಇಲ್ಲ. ಸಂಬಂಧಿಕರಿಲ್ಲ, ಗೆಳತ್ಯಾರಿಲ್ಲ. ಗಂಡ ಅಂಬೂವ ಈ ನಾಕು ವರ್ಷದಾಗ ಒಮ್ಮೆನೂ ಮಾರಿ ತೋರಿಸಿಲ್ಲ.”

“ಒಬ್ಬಾಕಿ ಹೆಂಗಸು? ಸ್ವಲ್ಪ ದಪ್ಪನಾಕಿ, ಗಿಡ್ಡನಾಕಿ. ಜೀನ್ಸ್ ಹಾಕತಿದ್ಲು.”

ದಾನವ್ವನ ಬೆರಳು ಅಕ್ಕಿಯಲ್ಲಿ ನಿಂತಿತು. “ಪಾರ್ಸಲ್ಲಿನಾಕಿ ಏನ್ರಿ? ಆಕಿನ್ನೇನು ಬಂದಾಕಿ ಅಂತ ಲೆಕ್ಕಕ್ಕ ಹಿಡೀಬೇಕ್ರಿ? ಸ್ಕೂಟಿ ಮ್ಯಾಲ ಪಾರ್ಸಲ್ ತಂದು ಕೊಡಾಕಿ.”

“ಕೊಟ್ಟು ಹೋಗಿ ಬಿಡತಿದ್ಲೇನ್ರಿ?”

“ಮೊದಮೊದಲ ಹೋಗತಿದ್ಲು. ಆಮ್ಯಾಲ...” ದಾನವ್ವ ಸ್ವಲ್ಪ ಯೋಚಿಸಿದಳು. “ಮಧ್ಯಾನ ಬಂದ್ರ ಒಂದು ತಾಸು ಮ್ಯಾಲ ಇರ್ತಿದ್ಲು. ಡಬ್ಬಿ ತರ್ತಿದ್ಲು. ವಾಣಿಶ್ರೀ ನಗೂದು ಕೆಳಗ ಕೇಳಸ್ತಿತ್ತು. ಹೌದ್ರಿ, ಆಕಿ ಬಂದಾಗಷ್ಟ ಕೇಳಸ್ತಿತ್ತು.”

“ಹೆಸರು?”

“ಕೇಳಿಲ್ರಿ. ಪಾರ್ಸಲ್ಲಿನಾಕಿ ಅಂತಿದ್ವಿ.”

“ಯಾವಾಗಿಂದ ಬಂದಿಲ್ಲ?”

“ವಾಣಿಶ್ರೀ ಕಾಣಲಾರದಂಗ ಆದ ದಿನದಿಂದ. ಹನ್ನೊಂದು ದಿನಾತು. ಈಗ ಈ ಓಣಿಗೆ ಬ್ಯಾರೆದವರು ಪಾರ್ಸಲ್ ತರ್ತಾರ. ನಮಗೇನು ಗೊತ್ತಾಗಬೇಕ್ರಿ?”

ದಾಕ್ಷಾಯಿಣಿ ಗೇಟಿನ ಹೊರಗೆ ಬಂದು ಮೊಬೈಲಿನಲ್ಲಿ ಜಿಲ್ಲೆಯ ಕಾಣೆಯಾದವರ ಪಟ್ಟಿ ತೆರೆದಳು. ಹನ್ನೊಂದು ದಿನದಲ್ಲಿ ಐದು ಹೆಸರು. ಮೂವರು ಗಂಡಸರು, ಒಬ್ಬ ಮುದುಕಿ, ಮತ್ತು ದಾನವ್ವ ದೂರು ಕೊಟ್ಟಿದ್ದ ವಾಣಿಶ್ರೀ. ಆ ಹೆಸರಿನ ಮುಂದೆ ‘ಮೃತ’ ಎಂದು ಸೇರಿಸಿಯಾಗಿತ್ತು.

ಸೊಂಟ ಮೂವತ್ತೊಂದೂವರೆ ಇಂಚು. ಒಳಗಾಲು ಇಪ್ಪತ್ತಾರು. ಸ್ಕೂಟಿ ಓಡಿಸುತ್ತಿದ್ದವಳು, ಡಬ್ಬಿ ತರುತ್ತಿದ್ದವಳು. ಇಂಥವಳೊಬ್ಬಳು ಇಲ್ಲವಾಗಿದ್ದಾಳೆಂದು ಹುಬ್ಬಳ್ಳಿ ಧಾರವಾಡದ ಒಂದು ಠಾಣೆಯಲ್ಲೂ ಯಾರೂ ದೂರು ಕೊಟ್ಟಿರಲಿಲ್ಲ. ಬೇರೆಯವಳ ಹೆಸರಿನಲ್ಲಿ ಮಣ್ಣಾಗಿ, ಆ ಹೆಸರಿಗೆ ಬಂದ ಹೂವನ್ನು ಹೊದ್ದು ಮಲಗಿದ್ದಳು.

ಠಾಣೆಗೆ ಫೋನ್ ಮಾಡಿ ಹೆಡ್ ಕಾನ್‌ಸ್ಟೆಬಲ್ ಮೈಲಾರಪ್ಪನಿಗೆ ಹೇಳಲೇ ಎಂದು ಒಂದು ಗಳಿಗೆ ಅನಿಸಿತು. ಗದಗದಿಂದ ಬದಲಿಯಾಗಿ ಬಂದ ಎಂಟು ತಿಂಗಳಲ್ಲಿ, ಕೆಲಸದ ಆಚೆ ಒಂದು ಮಾತಾಡಿದವನೆಂದರೆ ಅವನೊಬ್ಬನೇ. ‘ಊಟ ಆತೇನ್ರಿ ಮೇಡಂ’ ಎಂದು ಕೇಳುವವನು. ಇವತ್ತು ಬೆಳಿಗ್ಗೆ ಮುದ್ದೆಮಾಲು ಕೋಣೆಯ ಬೀಗ ತೆಗೆದು ಈ ಜೀನ್ಸ್ ಕೊಟ್ಟವನೂ ಅವನೇ. “ಮುಗದ ಕೇಸು, ಮತ್ತ ಯಾಕ್ರಿ?” ಎಂದು ಕೇಳಿದ್ದ. “ಫೈಲಿಗೆ ಒಂದು ಫೋಟೋ ಬೇಕಾಗೇತಿ,” ಎಂದು ಹೇಳಿ ಆಕೆ ಸಹಿ ಮಾಡಿದ್ದಳು. ರಜೆಯ ದಿನ ಎಲ್ಲಿಗೆ ಹೋಗುತ್ತೀರಿ ಎಂದೂ ಕೇಳಿದ್ದ. ಮನೆಯಲ್ಲಿ ಮಲಗುತ್ತೇನೆ ಎಂದಿದ್ದಳು.

ಫೋನನ್ನು ಚೀಲಕ್ಕೆ ಹಾಕಿದಳು. ಮೊದಲು ರಾಜೀವ. ಆತ ಹೆಣ ನೋಡಿ ಆಡಿದ ಒಂದು ಮಾತು ಈಗ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಾಡುತ್ತಿತ್ತು.

ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದಾಗ ಮಧ್ಯಾಹ್ನ ಎರಡೂವರೆ. ಗಾಜಿನ ಆಚೆ ನವನಗರ, ಉಣಕಲ್ಲು ಹಾದುಹೋದವು. ಬಸ್ಸಿನ ತುಂಬ ಜೀನ್ಸು. ಪಕ್ಕದಲ್ಲಿ ಕೂತ ಹುಡುಗಿ, ಕಂಬ ಹಿಡಿದು ನಿಂತ ನರ್ಸು, ಎದುರಿನ ಸೀಟಿನಲ್ಲಿ ನಿದ್ದೆ ಹೋದ ಹೆಂಗಸು. ಪ್ರತಿಯೊಬ್ಬರ ಬೆನ್ನ ಹಿಂದೆ ಒಂದು ಲೇಬಲ್ಲು, ಅದರಲ್ಲಿ ಒಂದು ಅಂಕಿ. ಇವರಲ್ಲಿ ಯಾರೊಬ್ಬರು ನಾಳೆ ಕಾಣೆಯಾದರೂ ಆ ಅಂಕಿಯನ್ನು ಹೇಳಬಲ್ಲ ಒಬ್ಬರಾದರೂ ಮನೆಯಲ್ಲಿ ಇರಬಹುದು. ತನ್ನ ಮನೆಯಲ್ಲಿ? ದಾಕ್ಷಾಯಿಣಿ ಕಿಟಕಿಗೆ ಮುಖ ತಿರುಗಿಸಿದಳು.

* * *

ಗೋಪನಕೊಪ್ಪದಲ್ಲಿ ರಾಜೀವನ ಝೆರಾಕ್ಸ್ ಅಂಗಡಿ ಅವನ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ದಾಕ್ಷಾಯಿಣಿ ಒಳಗೆ ಕಾಲಿಟ್ಟಾಗ ಆತ ಯಂತ್ರದ ಪಕ್ಕ ಕುರ್ಚಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದ. ಮೂರೂ ಹತ್ತು. ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಗಡ್ಡ ಬಿಟ್ಟಿದ್ದ. ಸೀರೆಯಲ್ಲಿದ್ದ ಆಕೆಯನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಹಿಡಿದ ಕೂಡಲೇ ಎದ್ದು ನಿಂತ.

“ಮೇಡಂ... ಕಾಗದಪತ್ರ ಏನರ ಉಳದಾವೇನ್ರಿ?”

“ಸಣ್ಣ ಕೆಲಸ. ಶಟರ್ ಇಳಸ್ರಿ. ಪೂರ್ತಿ ಬ್ಯಾಡ, ಅರ್ಧ.”

ಆತ ಇಳಿಸಿದ. ಕೋಣೆಯಲ್ಲಿ ಟೋನರ್ ವಾಸನೆ. ಮೂಲೆಯ ಮೇಜಿನ ಮೇಲೆ ಒಂದೇ ಲೋಟ, ಒಂದೇ ತಟ್ಟೆ.

“ವಾಣಿಶ್ರೀಯವರ ಸೊಂಟ ಎಷ್ಟು ಇಂಚು ಇತ್ರಿ?”

“ಏನ್ರಿ?”

“ಇಂಚಿನ ಲೆಕ್ಕದಾಗ.”

“ನಲವತ್ತು ನಂಬರ್ ಹಾಕತಿದ್ಲಲ್ರಿ. ನಾ ಹೇಳೇನೆಲ್ಲಾ.”

“ನಲವತ್ತು ಇಂಚಿನ ಸೊಂಟ ಅಂದ್ರ ಎಷ್ಟು ದಪ್ಪ ಗೊತ್ತೇನ್ರಿ? ನಿಮ್ಮ ಸೊಂಟಾನ ಮೂವತ್ತೆರಡು ಇದ್ದೀತು.”

ರಾಜೀವ ತನ್ನ ಸೊಂಟವನ್ನೇ ನೋಡಿಕೊಂಡ.

“ನೀವಿಬ್ರು ಬ್ಯಾರೆ ಆಗಿ ಎಷ್ಟು ವರ್ಷಾತು?”

“ನಾಕು.”

“ಆವಾಗ ಆಕಿ ಜೀನ್ಸ್ ಹಾಕತಿದ್ಲೇನು?”

“ಇಲ್ಲ... ಸೀರಿ. ಚೂಡಿದಾರ. ನಮ್ಮವ್ವಗ ಸೇರತಿದ್ದಿಲ್ಲ.”

“ಈ ನಾಕು ವರ್ಷದಾಗ ಆಕಿನ್ನ ಒಮ್ಮೆಯರ ನೋಡೀರಿ?”

“ಇಲ್ಲ.”

“ಮಾತಾಡೀರಿ?”

ಆತ ಗಡಿಯಾರದ ಕಡೆ ನೋಡಿದ. “ಇಲ್ಲ.”

“ಹಂಗಾದ್ರ ಒಂದು ಹೇಳ್ರಿ.” ದಾಕ್ಷಾಯಿಣಿ ಪೊಟ್ಟಣವನ್ನು ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಇಟ್ಟಳು. “ಶವಾಗಾರದಾಗ ನಾವು ಅರಿವಿ ಬಿಚ್ಚಿ ತೋರಸೂಕಿಂತ ಮೊದಲ, ‘ನೋಡ್ರಿ, ಒಳಗ ನಲವತ್ತು ಅಂತ ಇರತೈತಿ’ ಅಂದ್ರಿ. ನಾನೂ ಅಲ್ಲೆ ನಿಂತಿದ್ದೆ. ಪಾಪ, ಹೆಂಡತಿ ನೆನಪು ಎಷ್ಟು ಖಾತ್ರಿ ಐತಿ ಅಂದ್ಕೊಂಡೆ. ನೀವು ನೋಡಲಾರದ ಜೀನ್ಸಿನ ನಂಬರ್ ನಿಮಗ ಯಾರು ಹೇಳಿದ್ರು?”

ಯಂತ್ರದ ಫ್ಯಾನು ಸಣ್ಣಗೆ ಸದ್ದು ಮಾಡುತ್ತಿತ್ತು. ರಾಜೀವ ಕುರ್ಚಿಯ ಬೆನ್ನು ಹಿಡಿದುಕೊಂಡ.

“ಈ ಜೀನ್ಸ್ ನಿಮ್ಮ ಹೆಂಡತೀದಲ್ಲ. ಅದು ನಿಮಗ ಅವತ್ತ ಗೊತ್ತಿತ್ತು. ಯಾರನ್ನೋ ಮಣ್ಣು ಮಾಡಿ ಬಂದೀರಿ. ಆ ಹೆಂಗಸಿಗೂ ಯಾರರ ಇದ್ದಾರು. ಅವರು ದಾರಿ ನೋಡಕೋತ ಕುಂತಿದ್ದಾರು.”

“ಆಕಿಗೆ ಯಾರೂ ಇಲ್ರಿ.” ಮಾತು ಬಾಯಿಂದ ಜಾರಿಬಿಟ್ಟಿತ್ತು. ರಾಜೀವ ಕಣ್ಣು ಮುಚ್ಚಿಕೊಂಡ.

ದಾಕ್ಷಾಯಿಣಿ ಪೊಟ್ಟಣವನ್ನು ಅವನ ಕಡೆಗೆ ಸರಿಸಿದಳು.

“ಕಸ್ತೂರಿ ಅಂತ ಹೆಸರು,” ಎಂದ ಆತ ಕೊನೆಗೆ. “ಅನಾಥಾಶ್ರಮದಾಗ ಬೆಳದಾಕಿ. ನಾ ನೋಡಿಲ್ಲ. ವಾಣಿ ಹೇಳಿದ್ದು.”

“ಯಾವಾಗ ಹೇಳಿದ್ಲು?”

“ಹೆಣ ಸಿಕ್ಕ ದಿನ. ನೀವು ಠಾಣೇಕ ಕರಿಯೂಕಿಂತ ಅರ್ಧ ತಾಸು ಮೊದಲ ಫೋನ್ ಬಂತು. ಹೊಸಾ ನಂಬರ್. ನಾಕು ವರ್ಷದ ಮ್ಯಾಲ ಆಕಿ ದನಿ ಕೇಳಿದೆ. ಹ್ಯಾಂಗಿದ್ದಿ ಅಂತ ಕೇಳಾಕೂ ಬಿಡಲಿಲ್ಲ. ‘ಸುದ್ದಿ ನೋಡಿದೆ. ನಿನ್ನ ಕರಸ್ತಾರ. ಅದು ನಾನ ಅಂತ ಹೇಳು. ಒಳಗ ನಲವತ್ತು ಅಂತ ನಂಬರ್ ಐತಿ, ನನ್ನ ಅರಿವಿಯಾಗೂ ಅದ ನಂಬರ್ ಐತಿ, ಅವರಿಗೆ ಫರಕು ತಿಳಿಯಂಗಿಲ್ಲ’ ಅಂದ್ಲು.”

ದಾಕ್ಷಾಯಿಣಿಗೆ ತಿಳಿದಿರಲಿಲ್ಲ, ಹೌದು. ಒಂದು ದೇಶದ ಅಂಕಿಯನ್ನು ಇನ್ನೊಂದು ದೇಶದ ಅಂಕಿಗೆ ಹೊಂದಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು, ಇಡೀ ಠಾಣೆಯ ಕಣ್ಣಿಗೆ ಮಣ್ಣೆರಚಲು ಒಂದೇ ಒಂದು ಅಂಕಿ ಬಳಸಿದ್ದಳು.

“ಯಾಕಂತ ಕೇಳಲಿಲ್ಲೇನು?”

“ಕೇಳಿದೆ. ‘ನಾ ಸತ್ತೇನಿ ಅಂತ ಎಲ್ಲಾರೂ ನಂಬಿ, ನನ್ನ ಹುಡುಕೂದು ನಿಂತ್ರ ಮಾತ್ರ ನಾ ಬದುಕತೇನಿ’ ಅಂದ್ಲು.” ರಾಜೀವ ಗಾಜಿನ ಮೇಲಿನ ಪೊಟ್ಟಣ ನೋಡಿದ. “ಆಕಿ ಬೇಡಿದ್ದನ್ನ ನಾ ಒಮ್ಮೆನೂ ಕೊಟ್ಟಾಂವ ಅಲ್ರಿ. ಇದನ್ನರ ಕೊಡೂನು ಅನಸ್ತು. ಹೇಳಿ ಬಂದೆ.”

“ವಾಣಿಶ್ರೀ ಕಾಣಲಾರದಂಗ ಆದ ಆ ಗುರುವಾರ ಏನಾಗಿತ್ತು?”

“ಕಸ್ತೂರಿ ಪಾರ್ಸಲ್ ಕೊಟ್ಟು, ಊಟ ಮಾಡಿ ಕೆಳಗ ಇಳದ್ಲು. ವಾಣಿ ಕಿಟಕ್ಯಾಗ ನಿಂತಿದ್ಲು. ಓಣಿ ತಿರುವಿನ್ಯಾಗ ಒಬ್ಬಾಂವ ಆಕಿ ಗಾಡಿ ಅಡ್ಡಗಟ್ಟಿದ. ಏನೋ ಕೇಳಿದ. ಕಸ್ತೂರಿ ತಲಿ ಅಲ್ಲಾಡಿಸಿದ್ಲು. ಆಮ್ಯಾಲ ಗಾ‌ಡಿ ಬಿಟ್ಟು ಆತನ ಕಾರಿನ್ಯಾಗ ಕುಂತ್ಲು. ತಾನಾಗಿ ಕುಂತ್ಲು, ಜಬರದಸ್ತಿ ಏನೂ ಇರಲಿಲ್ಲಂತ. ಬಾಗಲಾ ಹಾಕುವಾಗ ಆಂವ ಮ್ಯಾಲ ನೋಡಿದ. ಕಿಟಕ್ಯಾಗ ವಾಣೀನ್ನ ನೋಡಿದ.”

“ಯಾರು ಆಂವ?”

ರಾಜೀವ ಆಕೆಯ ಸೀರೆಯನ್ನು, ಚೀಲವನ್ನು, ಖಾಲಿ ಬಾಗಿಲನ್ನು ಒಂದೊಂದಾಗಿ ನೋಡಿದ.

“ಒಬ್ಬರ ಬಂದೀರೇನ್ರಿ?”

“ಒಬ್ಬಾಕಿನ. ಬಸ್ಸಿನ್ಯಾಗ.”

“ಯಾರಿಗೂ ಹೇಳದ?”

“ಯಾರಿಗೂ ಹೇಳಿಲ್ಲ.”

“ಆಂವ ಖಾಕಿಯಾಗ ಇದ್ದ ಮೇಡಂ. ಅದಕ್ಕ ಕಸ್ತೂರಿ ಅಂಜಲಾರದ ಹೋದ್ಲು. ಅದಕ್ಕ ವಾಣಿ ನಿಮ್ಮ ಕಡೆ ಬರಲಿಲ್ಲ.”

ಶಟರಿನ ಕೆಳಗೆ ಬಿಸಿಲಿನ ಪಟ್ಟಿ ನೆಲದ ಮೇಲೆ ಬಿದ್ದಿತ್ತು. ಹೊರಗೆ ತರಕಾರಿ ಗಾಡಿಯವ ಕೂಗುತ್ತ ಹೋದ. ದಾಕ್ಷಾಯಿಣಿ ಠಾಣೆಯ ಮುಖಗಳನ್ನು ಒಂದೊಂದಾಗಿ ಎದುರಿಗೆ ತಂದುಕೊಂಡಳು. ಇಪ್ಪತ್ತೇಳು ಜನ. ಈ ಮಾತನ್ನು ಹೊತ್ತುಕೊಂಡು ನಾಳೆ ಅವರ ನಡುವೆ ಕೂರಬೇಕು. ಎಂಟು ತಿಂಗಳು ಅಲ್ಲಿ ಒಂಟಿಯಾಗಿದ್ದೇನೆ ಎಂದುಕೊಂಡಿದ್ದಳು. ಅದು ಒಂಟಿತನವೇ ಆಗಿರಲಿಲ್ಲ. ಒಂಟಿತನ ಇನ್ನು ಮುಂದಿನದು.

“ವಾಣಿಶ್ರೀ ಈಗ ಎಲ್ಲಿದ್ದಾಳ?”

“ಗೊತ್ತಿಲ್ರಿ. ದೇವರಾಣಿ. ಹೇಳೂದಿಲ್ಲ ಆಕಿ. ದಿನಾ ನಾಕು ಗಂಟೇಕ ಸರಿಯಾಗಿ ಫೋನ್ ಮಾಡತಾಳ. ಒಂದ ನಿಮಿಷ. ‘ಅದೇನಿ’ ಅಂತಾಳ. ‘ಉಂಡಿಯೇನು’ ಅಂತೇನಿ. ‘ಹೂಂ’ ಅಂತಾಳ. ಒಮ್ಮೊಮ್ಮೆ ಅಳತಾಳ, ಕಸ್ತೂರಿ ತನ್ನ ಹೆಸರಿನ್ಯಾಗ ಮಣ್ಣಾದ್ಲು ಅಂತ. ಅಷ್ಟ, ಇಡ್ತಾಳ.” ಆತ ಮುಖ ಒರೆಸಿಕೊಂಡ. “ಆರು ವರ್ಷ ಸಂಸಾರ ಮಾಡಿದಾಗ ಇಷ್ಟು ಮಾತಾಡಿರಲಿಲ್ಲ ನಾವು. ಈಗ ಮುಂಜಾನೆ ಎದ್ರ ನಾಕು ಯಾವಾಗ ಆದೀತು ಅಂತ ಕುಂತಿರ್ತೇನಿ.”

“ಇವತ್ತು ನನಗ ಕೊಡ್ರಿ ಫೋನು. ಆಕಿ ಜೋಡಿ ನಾ ಮಾತಾಡತೇನಿ.”

“ಆಕಿ ಇಟ್ಟುಬಿಡತಾಳ.”

“ಮೀರಾಬಿ ಕಳಸ್ಯಾಳ ಅಂತೇನಿ. ಇಡೂದಿಲ್ಲ.”

ಇಬ್ಬರೂ ಕೂತರು. ರಾಜೀವ ಫೋನನ್ನು ಝೆರಾಕ್ಸ್ ಯಂತ್ರದ ಮೇಲೆ ಇಟ್ಟ. ಮೂರೂ ನಲವತ್ತು. ಆತ ಒಳಗೆ ಹೋಗಿ ನೀರು ತಂದುಕೊಟ್ಟ. ಇರುವ ಒಂದೇ ಲೋಟವನ್ನು ಆಕೆಗೆ ಕೊಟ್ಟು ತಾನು ಸುಮ್ಮನೆ ನಿಂತ. ದಾಕ್ಷಾಯಿಣಿ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದಳು. ಒಂದು ನಿಮಿಷದಲ್ಲಿ ಒಬ್ಬ ಹೆಂಗಸನ್ನು ನಂಬಿಸಬೇಕು. ನಿನ್ನನ್ನು ನಾನು ಹುಡುಕಲಿಲ್ಲ, ನಿನ್ನ ಗೆಳತಿಯನ್ನು ಹುಡುಕಿದೆ ಎನ್ನಬೇಕು. ಆ ಕಾರಿನ ಬಣ್ಣ ಕೇಳಬೇಕು.

ಮೂರೂ ಐವತ್ತೆರಡಕ್ಕೆ ಫೋನ್ ರಿಂಗಾಯಿತು.

ರಾಜೀವ ಪರದೆ ನೋಡಿ ಹುಬ್ಬು ಗಂಟಿಕ್ಕಿದ. “ಆಕಿ ನಂಬರ. ಆದ್ರ ಯಾವತ್ತೂ ನಾಕಕ್ಕಿಂತ ಮೊದಲ ಮಾಡಿಲ್ಲ.”

“ಸ್ಪೀಕರ್ ಹಾಕಿ ಎತ್ರಿ.”

ಆತ ಎತ್ತಿದ. “ವಾಣಿ?”

ಆ ಕಡೆ ಗಾಳಿ. ದೂರದಲ್ಲಿ ಯಾವುದೋ ಲಾರಿಯ ಹಾರ್ನು. ಯಾರೋ ಉಸಿರಾಡುತ್ತಿದ್ದರು.

“ವಾಣಿ, ಮಾತಾಡು. ಉಂಡಿಯೇನು?”

“ರಾಜೀವ್ರೇನ್ರಿ?” ಗಂಡಸಿನ ದನಿ. ಸಮಾಧಾನದ, ಮೆತ್ತನೆಯ ದನಿ. “ಗಾಬರಿ ಆಗಬ್ಯಾಡ್ರಿ. ನಿಮ್ಮ ಮನ್ಯಾಗಿನವರು ಇಲ್ಲೇ ನನ್ನ ಬಾಜೂಕ ಅದಾರ. ದಿನಾ ನಾಕಕ್ಕ ನಿಮಗ ಬರೂ ಫೋನಿನ ಜಾಡು ಹಿಡದು ಬಂದೆ.”

ದಾಕ್ಷಾಯಿಣಿ ಲೋಟವನ್ನು ಕೆಳಗಿಟ್ಟಳು. ಆ ದನಿಯನ್ನು ಆಕೆ ಎಂಟು ತಿಂಗಳಿಂದ ದಿನವೂ ಕೇಳಿದ್ದಳು.

“ಮುಂಜಾನೆ ಆ ಜೀನ್ಸ್ ಒಯ್ದ ನಮ್ಮ ಮೇಡಂ ಅವರು ನಿಮ್ಮಲ್ಲಿ ಬಂದು ಕುಂತಾರಲ್ರಿ,” ಎಂದ ಮೈಲಾರಪ್ಪ. “ಅವರ ಕೈಯಾಗ ಸ್ವಲ್ಪ ಫೋನ್ ಕೊಡ್ರಿ.”